ಅರ್ಧ ಗಂಟೆಯಲ್ಲಿ ಮೀನುಗಾರರ ಊರು ನೋಡಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್ ಕೊನೆಯ ವಾರ ಮೂರು ದಿನ ಕಾರಿನಲ್ಲಿ ಕರಾವಳಿ ಸುತ್ತಬೇಕೆಂದಿದ್ದೇವೆ. ಆಗುಂಬೆ ಘಾಟಿ ಇಳಿದು ಉಡುಪಿ, ಆಮೇಲೆ ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ. ದಾರಿಯಲ್ಲಿ ಎಲ್ಲಾದರೂ ಒಂದು ನಿಜವಾದ ಮೀನುಗಾರರ ಹಳ್ಳಿ ನೋಡಿಕೊಂಡು ಹೋಗುವ ಆಸೆ. ತೆಂಗಿನ ಸಾಲು, ಬಣ್ಣದ ದೋಣಿ, ಫೋಟೋದಲ್ಲಿ ಕಾಣುತ್ತದಲ್ಲ, ಹಾಗೆ. ಯಾವ ಊರು ಒಳ್ಳೆಯದು? ಅರ್ಧ ಗಂಟೆ ಸಾಕಾ? ಹೆಂಡತಿ, ಒಂಬತ್ತು ವರ್ಷದ ಮಗಳು, ಅಮ್ಮ ಜೊತೆಗಿರುತ್ತಾರೆ. ಅಮ್ಮ ಮೀನು ಮುಟ್ಟುವವರಲ್ಲ, ವಾಸನೆಯೂ ಆಗಿಬರುವುದಿಲ್ಲ.

ಉತ್ತರ: ಸಾಕಾಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಗಂಟೆಗೆ ಸಿಗುವುದು ಒಂದು ದೋಣಿ, ನಾಲ್ಕು ತೆಂಗಿನಮರ, ಒಂದು ಸೆಲ್ಫಿ. ಅದೂ ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಟಾರ್ಪಾಲು ಹೊದ್ದ ದೋಣಿಗಳು, ಅದರ ನೆರಳಲ್ಲಿ ಮಲಗಿದ ನಾಯಿ, ಅಷ್ಟೇ. ಊರಿಗೆ ಊರೇ ನಿದ್ದೆಯಲ್ಲಿರುತ್ತದೆ. ಬೆಳಗಿನ ಜಾವ ಮೂರು ನಾಲ್ಕಕ್ಕೆ ಎದ್ದವರು ಆ ಹೊತ್ತಿಗೆ ಇನ್ನೇನು ಮಾಡಬೇಕು ಹೇಳಿ? ಯಾವ ಊರು ಅಂತ ಕೇಳಿದ್ದೀರಿ, ಸರಿ. ಎಷ್ಟು ಹೊತ್ತಿಗೆ ಹೋಗಬೇಕು ಅಂತ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು.

ನಾನು ಕುಂದಾಪುರದ ಕಡೆಯವನು. ಘಟ್ಟದ ಮೇಲಿನ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಅಂತ ವರ್ಷಕ್ಕೆ ನಾಲ್ಕೈದು ತಂಡಗಳನ್ನಾದರೂ ಈ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಎಲ್ಲರ ಪಟ್ಟಿಯೂ ನಿಮ್ಮ ಪಟ್ಟಿಯ ಹಾಗೇ ಇರುತ್ತದೆ. ನಿಮ್ಮದರಲ್ಲಿ ಎರಡು ಹೆಸರು ಹೊಡೆದು ಹಾಕಿ. ಒಂದು ಕಾರವಾರ. ಉಡುಪಿಯಿಂದ ಅಲ್ಲಿಗೇ ಇನ್ನೂರು ಕಿಲೋಮೀಟರ್ ಮೇಲಾಗುತ್ತದೆ, ಅಲ್ಲಿಂದ ಮನೆಗೆ ಮತ್ತೆ ಮುನ್ನೂರು. ಕಾರವಾರ ಚಂದದ ಊರೇ, ಇನ್ನೊಮ್ಮೆ ಅದಕ್ಕೆಂದೇ ಬನ್ನಿ. ಎರಡನೆಯದು ಸೇಂಟ್ ಮೇರೀಸ್. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಆ ಕಲ್ಲುಗಳನ್ನು ನೋಡಲೇಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಡಿಸೆಂಬರ್ ಕೊನೆ ವಾರದಲ್ಲಿ ಮಲ್ಪೆಯ ಬೋಟಿನ ಸಾಲಲ್ಲಿ ನಿಂತು ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿಯಿತು. ಆ ಅರ್ಧ ದಿನ ನನಗೆ ಕೊಡಿ.

ಮೊದಲ ದಿನ ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಊಟದ ಹೊತ್ತಿಗೆ ಉಡುಪಿ. ಅಮ್ಮನಿಗೆ ಇಲ್ಲಿ ಏನೂ ತೊಂದರೆ ಇಲ್ಲ, ಸಸ್ಯಾಹಾರದ ಊಟಕ್ಕೆ ಉಡುಪಿಯಲ್ಲಿ ಯಾರೂ ಹುಡುಕಿದ್ದಿಲ್ಲ. ಊಟ ಮಾಡಿ, ಸ್ವಲ್ಪ ಕಾಲು ಚಾಚಿ, ಮೂರೂವರೆಗೆ ಹೊರಡಿ. ಹೋಗಬೇಕಾದ್ದು ಕೋಡಿಬೆಂಗ್ರೆಗೆ. ಹೆದ್ದಾರಿಯಲ್ಲಿ ಸಂತೆಕಟ್ಟೆಗೆ ಬಂದು ಎಡಕ್ಕೆ ತಿರುಗಿದರೆ ಕೆಮ್ಮಣ್ಣು, ಹೂಡೆ ಹಾದು ರಸ್ತೆ ಕಿರಿದಾಗುತ್ತಾ ಹೋಗುತ್ತದೆ. ಮಲ್ಪೆ ಕಡೆಯಿಂದ ತೊಟ್ಟಂ ಮೇಲೆಯೂ ಬರಬಹುದು. ಹೂಡೆ ದಾಟಿದ ಮೇಲೆ ಗಾಡಿ ನಿಧಾನ ಮಾಡಿ. ಎಡಗಡೆ ಮನೆಗಳ ಸಂದಿಯಲ್ಲಿ ಕಡಲು, ಬಲಗಡೆ ನದಿ, ನಡುವೆ ಒಂದು ರಸ್ತೆ, ಒಂದು ಸಾಲು ಮನೆ, ತೆಂಗು. ಕೆಲವು ಕಡೆ ಎರಡೂ ನೀರು ಒಟ್ಟಿಗೆ ಕಾಣುತ್ತವೆ. ರಸ್ತೆ ಮುಗಿಯುವಲ್ಲಿ ಊರೂ ಮುಗಿಯುತ್ತದೆ. ಸ್ವರ್ಣಾ ಮತ್ತು ಸೀತಾನದಿ ಎರಡೂ ಅಲ್ಲೇ ಸಮುದ್ರ ಸೇರುತ್ತವೆ. ಆಚೆ ದಡದಲ್ಲಿ ಕಾಣುವುದು ಹಂಗಾರಕಟ್ಟೆ. ಅದರ ಹಿಂದೆ, ಸೀತಾನದಿಯ ದಂಡೆಯಲ್ಲಿ ಬಾರ್ಕೂರು. ಆಳುಪರ ರಾಜಧಾನಿಯಾಗಿದ್ದ ಊರು ಅದು, ಹಡಗುಗಳೆಲ್ಲ ಹೋಗಿ ಬರುತ್ತಿದ್ದದ್ದು ಇದೇ ಬಾಯಿಯಿಂದ.

ಕಾರನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಹತ್ತು ಹನ್ನೆರಡು ವರ್ಷದ ಹಿಂದೆ ನಾನೇ, ಈ ಊರಿನ ಬಗ್ಗೆ ಎಲ್ಲ ಗೊತ್ತು ಅಂದುಕೊಂಡವನು, ಭಾವನ ಹೊಸ ಕಾರನ್ನು ಫೋಟೋಗೆ ಚೆನ್ನಾಗಿರುತ್ತದೆ ಅಂತ ಹೊಯ್ಗೆ, ಅಂದರೆ ಮರಳಿನ ಮೇಲೆ ಇಳಿಸಿದೆ. ಚಕ್ರ ತಿರುಗಿಸಿದಷ್ಟೂ ಕೆಳಗೆ ಹೋಯಿತು. ಕೊನೆಗೆ ಬಲೆ ಎಳೆಯುತ್ತಿದ್ದವರೇ ಬಂದು, ಅದೇ ಹಗ್ಗ ಕಟ್ಟಿ, ಬಲೆ ಎಳೆದ ಹಾಗೆಯೇ ಕಾರನ್ನೂ ಎಳೆದು ಹಾಕಿದರು. ಅವರಲ್ಲಿ ವಯಸ್ಸಾದ ಒಬ್ಬರು ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: “ರಸ್ತಿ ಮೇಲ್ ನಿಲ್ಸುಕೆ ಆತಿಲ್ಯಾ ನಿಮ್ಗೆ?” ಭಾವ ಇವತ್ತಿಗೂ ಆ ಮಾತನ್ನು ನನ್ನ ಮೇಲೆ ಪ್ರಯೋಗಿಸುತ್ತಾರೆ.

ಅವರು ಎಳೆಯುತ್ತಿದ್ದದ್ದು ಕೈರಂಪಣಿ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಅದನ್ನೇ ನೋಡುತ್ತೀರಿ. ಒಂದು ಸಣ್ಣ ದೋಣಿ ದಡದಿಂದ ಹೊರಟು, ಬಲೆಯನ್ನು ನೀರಿಗೆ ಬಿಡುತ್ತಾ ಅರ್ಧಚಂದ್ರದ ಹಾಗೆ ಸುತ್ತಿ, ಸ್ವಲ್ಪ ದೂರದಲ್ಲಿ ಮತ್ತೆ ದಡಕ್ಕೆ ಬರುತ್ತದೆ. ಬಲೆಯ ಎರಡು ತುದಿಯ ಹಗ್ಗಕ್ಕೆ ಎರಡು ಸಾಲು ಜನ. ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯುತ್ತಾರೆ. ಸಾಲಿನ ಕೊನೆಯಲ್ಲಿ ಇದ್ದವನು ಹಗ್ಗ ಬಿಟ್ಟು ಓಡಿ ಬಂದು ನೀರಿನ ಹತ್ತಿರ, ಮುಂದುಗಡೆ ಮತ್ತೆ ಹಿಡಿಯುತ್ತಾನೆ. ಹೀಗೆ ಸಾಲು ಹಿಂದೆ ನಡೆಯುತ್ತಲೇ ಇರುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ಎರಡು ಸಾಲುಗಳೂ ಒಂದಕ್ಕೊಂದು ಹತ್ತಿರವಾಗುತ್ತವೆ. ಮೇಲೆ ಗರುಡಗಳು ಸುತ್ತಲು ಶುರು ಮಾಡಿದವು ಅಂದರೆ ಬಲೆಯ ಹೊಟ್ಟೆ ಹತ್ತಿರ ಬಂತು ಅಂತ ಲೆಕ್ಕ. ಕೊನೆಯ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಕೂಗುತ್ತಿರುತ್ತಾರೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಮೀನು ಒಂದು ಬುಟ್ಟಿ ಸಿಗಬಹುದು, ಹತ್ತು ಬುಟ್ಟಿ ಸಿಗಬಹುದು, ಬರೀ ಜೆಲ್ಲಿ ಮೀನು ಬಂದು ಎಲ್ಲರೂ ಬೈದುಕೊಂಡು ಹೋಗಲೂಬಹುದು. ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು.

ಮಗಳಿಗೆ ಎಳೆಯುವ ಆಸೆ ಆದರೆ ಕೇಳಿ, ಹೆಚ್ಚಾಗಿ ಬೇಡ ಅನ್ನುವುದಿಲ್ಲ. ಸಾಲಿನ ಹಿಂಬದಿಯಲ್ಲಿ ನಿಲ್ಲಿಸಿ, ನೀರಿನ ಬದಿಯಲ್ಲಿ ಬೇಡ. ಹಗ್ಗ ಅಂಗೈ ಸುಡುತ್ತದೆ ಅಂತ ಮೊದಲೇ ಹೇಳಿಡಿ.

ಇದಕ್ಕೆ ‘ಕೈ’ರಂಪಣಿ ಅಂತ ಯಾಕೆ ಹೆಸರು ಗೊತ್ತಾ? ಮೊದಲು ದೊಡ್ಡ ರಂಪಣಿ ಇತ್ತು. ಕೇರಿಗೆ ಕೇರಿಯೇ ಸೇರಿ ಎಳೆಯುವ ಬಲೆ, ಬಂಗುಡೆ, ಬೂತಾಯಿ ಮೀನಿನ ರಾಶಿಗೆ ರಾಶಿಯೇ ಬರುತ್ತಿದ್ದ ಬಲೆ. ಮೀನು ದಡದ ಹತ್ತಿರ ಬಂದರೆ ಮಾತ್ರ ರಂಪಣಿಗೆ ಸಿಗುತ್ತದೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಅವು ಮೀನು ಇದ್ದಲ್ಲಿಗೇ ಹೋಗಿ ಸುತ್ತು ಹಾಕಿ ಬಾಚಿಕೊಂಡು ಬರುತ್ತವೆ. ದಡದಲ್ಲಿ ಕಾದು ಕೂತವರಿಗೆ ಏನು ಉಳಿಯಿತು? ರಂಪಣಿ ಹೋಯಿತು, ಅದರ ಸಣ್ಣ ತಮ್ಮನ ಹಾಗೆ ಕೈರಂಪಣಿ ಉಳಿಯಿತು. ಈಗ ನಿಮ್ಮಂಥವರಿಗೆ ನೋಡಲು ಸಿಗುವುದು ಆ ತಮ್ಮ. ನಮ್ಮ ಅಜ್ಜಿಯ ಕಾಲದವರು ಇದನ್ನು ಬಲೆ ಅಂತ ಕೂಡ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಇನ್ನು ನೀರು. ಕೋಡಿಬೆಂಗ್ರೆಯ ತುದಿ ನೋಡಲು ಎಷ್ಟು ಶಾಂತವೋ ಇಳಿಯಲು ಅಷ್ಟೇ ಕೆಟ್ಟದ್ದು. ನದಿ ಕಡಲು ಸೇರುವ ಬಾಯಿಗೆ ನಾವು ಅಳಿವೆ ಅನ್ನುತ್ತೇವೆ. ಇಳಿತದ ಹೊತ್ತಲ್ಲಿ ನದಿಯ ನೀರೂ ಹೊರಗೆ, ಒಳಗೆ ತುಂಬಿದ್ದ ಉಬ್ಬರದ ನೀರೂ ಹೊರಗೆ, ಎರಡೂ ಒಂದೇ ಕಿರಿದಾದ ಬಾಯಿಯಿಂದ ಓಡುತ್ತವೆ. ಮೊಣಕಾಲಿನ ನೀರು ಕೂಡ ಕಾಲಡಿಯ ಹೊಯ್ಗೆಯನ್ನು ಸೆಳೆದುಕೊಂಡು ಹೋಗುತ್ತದೆ. ಹೋದ ವರ್ಷ ಇದ್ದ ದಿಣ್ಣೆ ಈ ವರ್ಷ ಅದೇ ಜಾಗದಲ್ಲಿ ಇರುವುದಿಲ್ಲ. ಹುಟ್ಟಿದಾಗಿನಿಂದ ಇಲ್ಲೇ ಇರುವ ದೋಣಿಯವರೇ ಅಳಿವೆ ದಾಟುವಾಗ ಮಾತು ನಿಲ್ಲಿಸುತ್ತಾರೆ. ಈಜು ಬರುತ್ತದೆ ಅನ್ನುವ ಧೈರ್ಯ ಇಲ್ಲಿ ತೋರಿಸಬೇಡಿ. ಮಗಳು ನೀರಲ್ಲಿ ಆಡಲೇಬೇಕು ಅಂದರೆ ಮಲ್ಪೆಯಲ್ಲೋ ಪಡುಬಿದ್ರಿಯಲ್ಲೋ ಜೀವರಕ್ಷಕರು ಇರುವ ಕಡೆ ಆಡಿಸಿ.

ಅಮ್ಮನ ವಾಸನೆಯ ಪ್ರಶ್ನೆಗೆ ಒಂದು ಸುಲಭದ ಉಪಾಯ ಇದೆ. ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ, ಬೆಳಗಿನ ಜಾವ ನೆಲದಿಂದ ಕಡಲಿಗೆ. ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ನಸುಕಿಗೆ ಹೊರಟು ಮಧ್ಯಾಹ್ನ ವಾಪಸ್ ಬರುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ. ಹಾಗಾಗಿ ಸಂಜೆ ಅಮ್ಮನನ್ನು ಕಡಲ ಬದಿಯಲ್ಲಿ ಕೂರಿಸಿ, ಮೀನು ಒಣಗಿಸಿದ ಜಾಗ ಅವರ ಹಿಂದೆ, ಮನೆಗಳ ಬದಿಗೆ ಇರಲಿ. ಅಷ್ಟು ಮಾಡಿದರೆ ಅವರಿಗೆ ಬರುವುದು ಉಪ್ಪು ಗಾಳಿ ಮಾತ್ರ. ಆ ವಾರ ಸೂರ್ಯ ಆರು ಹತ್ತರ ಸುಮಾರಿಗೆ ಮುಳುಗುತ್ತಾನೆ. ಅದನ್ನು ನೋಡಿಕೊಂಡು ಹೊರಡಿ, ರಾತ್ರಿ ಕುಂದಾಪುರದಲ್ಲಿ ಉಳಿಯಿರಿ.

ಎರಡನೆಯ ದಿನ ಅಮ್ಮ ಮತ್ತು ಮಗಳು ಮಲಗಿರಲಿ. ನೀವಿಬ್ಬರು, ಅಥವಾ ಏಳುವ ಮನಸ್ಸಿದ್ದವರು, ಬೆಳಗ್ಗೆ ಐದೂವರೆಗೆ ಗಂಗೊಳ್ಳಿಗೆ ಹೊರಡಿ. ಗಂಗೊಳ್ಳಿ ಕುಂದಾಪುರದ ಎದುರಿಗೇ ಇದೆ, ಹೊಳೆಯ ಆಚೆ. ಇಲ್ಲಿ ನಿಂತರೆ ಅಲ್ಲಿನ ಬೋಟಿನ ದೀಪ ಕಾಣುತ್ತದೆ. ಆದರೆ ರಸ್ತೆಯಲ್ಲಿ ಹೋಗಬೇಕು ಅಂದರೆ ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿ ಅಂತ ಸುತ್ತು ಹೊಡೆದು ಮತ್ತೆ ಕೆಳಗೆ ಬರಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ನದಿಗಳು ಇಲ್ಲಿ ಕಡಲಿಗೆ ಬೀಳುತ್ತವೆ, ಪಂಚಗಂಗಾವಳಿ ಅನ್ನುತ್ತಾರೆ. ಊರು ಆ ನೀರಿಗೂ ಸಮುದ್ರಕ್ಕೂ ನಡುವೆ ಚಾಚಿದ ಒಂದು ನಾಲಗೆ.

ಇದು ಫೋಟೋದ ಹಳ್ಳಿ ಅಲ್ಲ ಮಾರಾಯ್ರೆ, ಬಂದರು. ಡೀಸೆಲ್, ಐಸ್, ಲಾರಿ, ಕೆಸರು, ಗಲಾಟೆ. ಆದರೆ ನನ್ನನ್ನು ಕೇಳಿದರೆ ನಿಮ್ಮ ಮೂರು ದಿನದಲ್ಲಿ ನಿಜವಾಗಿ ನೆನಪಲ್ಲಿ ಉಳಿಯುವುದು ಇದೇ. ಬೋಟು ಧಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ತಾಗುವ ಮೊದಲೇ ಹಗ್ಗ ಹಾರಿ ಬರುತ್ತದೆ. ಬೋಟು ನಡೆಸುವ ತಂಡೇಲ ಮೇಲಿನಿಂದ ಏನೋ ಹೇಳುತ್ತಾನೆ, ಬೋಟಿನ ಕೆಲಸದವರಾದ ಕಲಾಸಿಗಳು ಒಳಗಿನಿಂದ ಬುಟ್ಟಿ ಬುಟ್ಟಿ ಎತ್ತಿ ಕೊಡುತ್ತಾರೆ. ಏಲಂ ಕೂಗುವವನ ಬಾಯಲ್ಲಿ ಅಂಕಿಗಳು ಎಷ್ಟು ಜೋರಾಗಿ ಬರುತ್ತವೆ ಅಂದರೆ ನಿಮಗೆ ಅರ್ಥವಾಗುವಷ್ಟರಲ್ಲಿ ಆ ರಾಶಿ ಮಾರಿ ಹೋಗಿರುತ್ತದೆ. ಸುತ್ತ ನಿಂತವರಲ್ಲಿ ಯಾರು ಕೊಂಡರು ಅಂತ ನನಗೂ ಎಷ್ಟೋ ಸಲ ಗೊತ್ತಾಗಿಲ್ಲ, ಒಂದು ತಲೆ ಅಲ್ಲಾಡಿರುತ್ತದೆ ಅಷ್ಟೇ. ಒಂದು ಬದಿಯಿಂದ ಕುಂದಾಪುರ ಕನ್ನಡ, ಇನ್ನೊಂದು ಬದಿಯಿಂದ ಖಾರ್ವಿ ಜನರ ಕೊಂಕಣಿ. ಕಿವಿ ಕೊಟ್ಟು ನಿಂತರೂ ಸಾಕು.

ನಿಲ್ಲುವುದು ಮಾತ್ರ ಬದಿಯಲ್ಲಿ. ಬುಟ್ಟಿ ಹೊತ್ತವರು ನಿಮಗಾಗಿ ನಿಲ್ಲುವುದಿಲ್ಲ, ನಿಲ್ಲಲೂ ಆಗುವುದಿಲ್ಲ. “ಹ್ವಾಯ್, ಒಂಚೂರ್ ಬದಿಗ್ ಬನ್ನಿ ಕಾಂಬ” ಅಂತ ಕೇಳಿಸಿದರೆ ಅದು ನಿಮಗೇ. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ, ಮೀನಿನ ನೀರು ಬಿದ್ದ ನೆಲ ಜಾರುತ್ತದೆ. ಹರಡಿಟ್ಟ ಬಲೆಯ ಮೇಲೆ ಕಾಲಿಡಬೇಡಿ, ಚಪ್ಪಲಿ ಹಾಕಿಕೊಂಡು ದೋಣಿ ಹತ್ತಬೇಡಿ. ಬಲೆ ಹೆಣೆಯುತ್ತಾ ಕೂತವರ ಎದುರು ಮೊಬೈಲ್ ಹಿಡಿಯುವ ಮೊದಲು ಒಂದು ಮಾತಾಡಿಸಿ. “ಅಣ್ಣ, ಇದು ಯಾವ ಮೀನಿನ ಬಲೆ?” ಅಂತ ಕೇಳಿ ನೋಡಿ. ಆಮೇಲೆ ಅವರೇ ಬಲೆ ಎತ್ತಿ ತೋರಿಸುತ್ತಾರೆ.

ಮೀನು ಮಾರುವ ಹೆಂಗಸರ ವಿಷಯದಲ್ಲಿ ಇನ್ನೂ ಸ್ವಲ್ಪ ಜಾಗ್ರತೆ. ಸುಮ್ನೆ ಫೋಟೋ ತೆಗೆದು ಹೊರಟರೆ ಬೈಸಿಕೊಳ್ಳುತ್ತೀರಿ, ಬೈಗುಳವೂ ಚೆನ್ನಾಗಿಯೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವೇ. ದಾವಣಗೆರೆಯಲ್ಲಿ ನಿಮ್ಮ ಅಂಗಡಿಗೆ ಯಾರೋ ನುಗ್ಗಿ ಹೇಳದೆ ಕೇಳದೆ ನಿಮ್ಮ ಮುಖಕ್ಕೆ ಕ್ಯಾಮೆರಾ ಹಿಡಿದರೆ ಹೇಗಿರುತ್ತದೆ? ಏನಾದರೂ ಕೊಳ್ಳಿ. ಸಣ್ಣ ಮೀನಿಗೆ ಇಲ್ಲಿ ಕಿಲೋ ಕೇಳುವುದು ಕಡಿಮೆ, “ಅಕ್ಕ, ನೂರಕ್ಕೆ ಎಷ್ಟು?” ಅಂತ ಕೇಳಬೇಕು. ನೂರು ರೂಪಾಯಿಗೆ ಇಷ್ಟು ಬಂಗುಡೆ ಅಂತ ಲೆಕ್ಕ, ಅದು ದಿನ ದಿನಕ್ಕೆ, ಕೆಲವೊಮ್ಮೆ ಗಂಟೆ ಗಂಟೆಗೆ ಬದಲಾಗುತ್ತದೆ. ಚೌಕಾಸಿ ಮಾಡಿ, ಆದರೆ ಅರ್ಧಕ್ಕೆ ಇಳಿಸಬೇಡಿ. ಒಂದೆರಡು ಮೀನು ಜಾಸ್ತಿ ಹಾಕಿಸಿಕೊಳ್ಳುವುದು ಮರ್ಯಾದೆಯ ಚೌಕಾಸಿ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಒಳಗೆ ಕುಸಿದಿರಬಾರದು. ಬೆರಳಲ್ಲಿ ಒತ್ತಿದರೆ ಕುಳಿ ಉಳಿಯಬಾರದು.

ಕೊಂಡದ್ದನ್ನು ಏನು ಮಾಡುವುದು? ಉಳಿದುಕೊಂಡ ಕಡೆ ಅಡುಗೆ ಮಾಡಿಕೊಡುತ್ತಾರಾ ಅಂತ ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕಾಣೆ ಮೀನು ಸಿಕ್ಕಿದರೆ ತವಾ ಫ್ರೈ. ಕಾಣೆಗೆ ರವೆ ಹಚ್ಚುವುದು ನನಗೆ ಇಷ್ಟವಿಲ್ಲ, ಅಷ್ಟು ಮೆತ್ತನೆಯ ಮೀನಿಗೆ ಆ ಕವಚ ಯಾಕೆ? ಅದಿರಲಿ. ಅಮ್ಮನನ್ನು ಸಣ್ಣ ಮೀನಿನ ಹೋಟೆಲಿಗೆ ಕರೆದುಕೊಂಡು ಹೋಗಿ “ಬೇರೆ ಪಾತ್ರೆಯಲ್ಲಿ ಮಾಡುತ್ತೀರಾ” ಅಂತ ಕೇಳಬೇಡಿ. ಒಂದೇ ಒಲೆ, ಎರಡೇ ಪಾತ್ರೆ ಇರುವ ಜಾಗ ಅದು. ಅವರಿಗೆ ಕುಂದಾಪುರದಲ್ಲಿ ಬೇರೆ ಹೋಟೆಲಿದೆ. ದಯವಿಟ್ಟು ಹಸಿ ಮೀನನ್ನು ಕಾರಲ್ಲಿ ಮನೆಗೆ ಒಯ್ಯುವ ಯೋಚನೆ ಮಾಡಬೇಡಿ. ಥರ್ಮಾಕೋಲ್ ಪೆಟ್ಟಿಗೆ, ಐಸ್ ಎಲ್ಲ ಸಿಗುತ್ತದೆ ನಿಜ. ಆದರೆ ಎರಡು ದಿನ ಅದರ ಪಕ್ಕ ಅಮ್ಮ ಕೂರಬೇಕಲ್ವಾ. ಒಣ ಸಿಗಡಿಯಂತೂ ಬೇಡವೇ ಬೇಡ.

ಎಂಟರ ಹೊತ್ತಿಗೆ ವಾಪಸ್ ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೊರಟರೆ ಮರವಂತೆ. ಒಂದು ಬದಿ ಸೌಪರ್ಣಿಕಾ, ಒಂದು ಬದಿ ಕಡಲು, ನಡುವೆ ಹೆದ್ದಾರಿ. ಅಲ್ಲಿ ಬಹಳ ಹೊತ್ತು ಬೇಕಿಲ್ಲ. ನದಿ ಬದಿಯಲ್ಲಿ ವರಾಹ ಸ್ವಾಮಿಯ ದೇವಸ್ಥಾನ ಇದೆ, ಅಮ್ಮನಿಗೆ ತೋರಿಸಿ. ಮೀನುಗಾರರೂ ಬಹಳ ನಡೆದುಕೊಳ್ಳುವ ದೇವರು. ಗಾಡಿಯನ್ನು ಹೆದ್ದಾರಿಯ ಅಂಚಲ್ಲಿ ನಿಲ್ಲಿಸಿ ಬಾಗಿಲು ತೆಗೆಯಬೇಡಿ, ಲಾರಿಗಳು ಗಾಳಿಯ ಹಾಗೆ ಬರುತ್ತವೆ. ಮುರುಡೇಶ್ವರದ ಬಗ್ಗೆ ನಾನು ಹೇಳುವುದು ಏನೂ ಇಲ್ಲ, ಎಲ್ಲರಿಗೂ ಗೊತ್ತಿರುವುದೇ.

ರಾತ್ರಿ ಗೋಕರ್ಣ. ಮೂರನೆಯ ದಿನ ಬೆಳಗ್ಗೆ ದೇವಸ್ಥಾನ ಮುಗಿಸಿ ತದಡಿಗೆ ಹೋಗಿ, ಹತ್ತಿರವೇ ಇದೆ. ಅಘನಾಶಿನಿ ನದಿ ಕಡಲು ಸೇರುವ ಜಾಗ. ಇಳಿತದ ಹೊತ್ತು ಯಾವಾಗ ಅಂತ ಉಳಿದುಕೊಂಡಲ್ಲೇ ಕೇಳಿ, ಆ ಹೊತ್ತಿಗೇ ಹೋಗಿ. ನೀರು ಇಳಿದಾಗ ನದಿಯ ನಡುವೆಯೇ ನೆಲ ಏಳುತ್ತದೆ, ಹೆಂಗಸರು ಗಂಡಸರು ಸೊಂಟದ ನೀರಲ್ಲಿ ನಿಂತು ಕಾಲಲ್ಲಿ ತಡಕಿ ಬಳಚು ಹೆಕ್ಕುತ್ತಾರೆ. ಚಿಪ್ಪಿನ ಜೀವಿ ಅದು, ನಮ್ಮ ದಕ್ಷಿಣದ ಕಡೆ ಮರುವಾಯಿ ಅನ್ನುತ್ತಾರೆ. ಬಲೆ ಇಲ್ಲ, ಬೋಟು ಇಲ್ಲ, ಕಾಲ ಬೆರಳೇ ಬಲೆ. ಈ ನದಿಗೆ ಅಣೆಕಟ್ಟು ಇಲ್ಲದ್ದರಿಂದ ಸಿಹಿನೀರು, ಉಪ್ಪುನೀರು ತಮ್ಮ ಪಾಡಿಗೆ ಬೆರೆಯುತ್ತವೆ, ಬಳಚು ಬದುಕಿರುವುದೂ ಅದರಿಂದಲೇ. 2024ರಲ್ಲಿ ಈ ಅಳಿವೆ ಪ್ರದೇಶ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವುದೂ ಇದರ ಅಂಚಿನ ಗಜನಿ, ಅಂದರೆ ಉಬ್ಬರದ ನೀರು ನುಗ್ಗುವ ಗದ್ದೆಗಳಲ್ಲೇ. ಮಗಳ ಶಾಲೆಯ ಪಾಠದಲ್ಲಿ ‘ನದೀಮುಖ’ ಅಂತ ಒಂದು ಪದ ಬಂದೇ ಬರುತ್ತದೆ. ಆಗ ಆ ಪದಕ್ಕೆ ಒಂದು ಮುಖ ಇರುತ್ತದೆ ಅವಳಿಗೆ. ಮಧ್ಯಾಹ್ನ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ ಮೇಲೆ ಮನೆಗೆ. ಅರಬೈಲ್ ಘಾಟಿಯನ್ನು ಬೆಳಕಿದ್ದಾಗಲೇ ದಾಟಿಕೊಳ್ಳಿ, ಲಾರಿ ಜಾಸ್ತಿ.

ಡಿಸೆಂಬರ್ ತಪ್ಪಿದರೆ? ಜನವರಿ, ಫೆಬ್ರವರಿ ಇನ್ನೂ ಒಳ್ಳೆಯದು, ಜನ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮರಿ ಮಾಡುವ ಕಾಲ ಅಂತ ಸರಕಾರವೇ ನಿಲ್ಲಿಸುತ್ತದೆ. ಆಗ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ, ನೋಡಲು ಅದೂ ಒಂದು ಚಂದ, ಆದರೆ ಕೆಲಸ ಇಲ್ಲ. ನಾಡದೋಣಿಯವರು ಮಾತ್ರ ಕಡಲು ಬಿಟ್ಟುಕೊಟ್ಟ ದಿನ ಹೋಗುತ್ತಾರೆ. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲು, ತೆಂಗಿನಕಾಯಿ ಕಡಲಿಗೆ ಒಪ್ಪಿಸುತ್ತಾರೆ. ಆಮೇಲಿನ ದಿನಗಳಲ್ಲಿ ಬಂದರಿಗೆ ಹೋದರೆ ಹೊಸ ಬಣ್ಣದ ವಾಸನೆ, ಹೊಸ ಬಲೆ, ಮದುವೆ ಮನೆಯ ಗಡಿಬಿಡಿ. ನನಗೆ ಅತ್ಯಂತ ಇಷ್ಟದ ಕಾಲ ಅದು. ಆದರೆ ಮಳೆ ಇನ್ನೂ ಇರುತ್ತದೆ, ಸಣ್ಣ ಮಗು, ವಯಸ್ಸಾದವರನ್ನು ಕರೆದುಕೊಂಡು ಜುಲೈ, ಆಗಸ್ಟಿನಲ್ಲಿ ಈ ಹೆದ್ದಾರಿ ಹಿಡಿಯಿರಿ ಅಂತ ನಾನು ಹೇಳುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ರಸ್ತೆಯ ಮೇಲೆ. (ಬೈಂದೂರಿನ ಹತ್ತಿರವೂ ಒಂದು ಶಿರೂರು ಬರುತ್ತದೆ, ಬೋರ್ಡು ನೋಡಿ ಗಾಬರಿ ಆಗಬೇಡಿ, ಅದು ಬೇರೆ.)

ಮಗಳಿಗೆ ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ, ಕಾರಿನ ಸೀಟಿಗೆ ಹಾಸಲು ಒಂದು ಹಳೆಯ ಬೆಡ್‌ಶೀಟ್ ಕೂಡ. ಹಗ್ಗ ಎಳೆದು ಬಂದ ಮಗುವಿನ ಮೈಯಿಂದ ಹೊಯ್ಗೆ ಎಷ್ಟು ಕೊಡವಿದರೂ ಮುಗಿಯುವುದಿಲ್ಲ, ಸಂಕ್ರಾಂತಿಯವರೆಗೂ ಸೀಟಿನ ಸಂದಿಯಲ್ಲಿ ಸಿಗುತ್ತಲೇ ಇರುತ್ತದೆ.